ಬೀಗರು ಹೋದರೂ ಬಿಚ್ಚದ ಹಂದರ: ನನ್ನ ಹೊಟ್ಟೆಯ ಜೋಲುಚರ್ಮಕ್ಕೆ ಒಂದು ಬಹಿರಂಗ ವಿನಂತಿ

ಸ್ವಸ್ತಿಶ್ರೀ ಅಖಂಡೋದರ ಮಂಡಲಾಧೀಶ್ವರ, ನಾಭಿದುರ್ಗ ಸಂರಕ್ಷಕ, ಕಟಿಪ್ರದೇಶ ದಿಗ್ವಿಜಯಿ, ಬೆಲ್ಟು-ಲಾಡಿ ಗರ್ವಭಂಜನ, ಬೆವರು ಸಪ್ತಸಾಗರ ಪರಿಪಾಲಕ, ಜೋಲು ಸಾಮ್ರಾಜ್ಯ ಚಕ್ರವರ್ತಿ ಶ್ರೀ ಶ್ರೀ ಹೊಟ್ಟೆಯ ಇಳಿಚರ್ಮ ಮಹಾರಾಜರ ದಿವ್ಯ ಸನ್ನಿಧಾನಕ್ಕೆ, ಜಮಖಂಡಿಯ ರಘೂತ್ತಮರಾಯರ ಮಗನಾದ ಮಂದಾರ ಎಂಬ ತಮ್ಮ ಆಶ್ರಯದಾತನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಪದ್ಧತಿಗೆ ಬರೆದೆನಾದರೂ, ನಾನು ಅಡ್ಡಬಿದ್ದಾಗ ಉಳಿದ ಎಂಟು ಅಂಗಗಳಿಗಿಂತ ಮೊದಲು ನೆಲ ಮುಟ್ಟುವ ಒಂಬತ್ತನೆಯ ಅಂಗ ತಾವೇ ಆಗಿರುವುದರಿಂದ, ನಮಸ್ಕಾರ ಯಾರು ಯಾರಿಗೆ ಮಾಡಿದಂತಾಯಿತು ಎಂಬುದನ್ನು ಬಲ್ಲವರು ನಿರ್ಣಯಿಸಲಿ.

ಮಾನ್ಯರೇ,

ನಾನು ಇತ್ತ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವುದು ರಿವಾಜು. ಆದರೆ ತಾವು ಅಂಗಿ ಎತ್ತಿದರೂ ಕಾಣುತ್ತೀರಿ, ಎತ್ತದಿದ್ದರೂ ಕಾಣುತ್ತೀರಿ, ಹೀಗಾಗಿ ಕೇಳುತ್ತಿಲ್ಲ. ಇಷ್ಟು ಸಮೀಪ ಇದ್ದವರಿಗೆ ಬಹಿರಂಗ ಪತ್ರ ಯಾಕೆ ಬೇಕಿತ್ತು ಎಂದು ತಾವು ಮುನಿಸಿಕೊಳ್ಳಬಾರದು. ಖಾಸಗಿಯಾಗಿ ಕೇಳುವುದೆಲ್ಲ ಮುಗಿದಿದೆ. ಕೊಬ್ಬರಿ ಎಣ್ಣೆ ಹಚ್ಚಿ ಕೇಳಿದೆ, ಬಿಗಿಪಟ್ಟಿ ಕಟ್ಟಿ ಕೇಳಿದೆ, ಬೆನ್ನ ಮೇಲೆ ಮಲಗಿ ಕಾಲೆತ್ತಿ ಕೇಳಿದೆ. ತಾವು ಜಪ್ಪಯ್ಯ ಅಂದರೂ ಕದಲಲಿಲ್ಲ. ಮೇಲಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ಯಾವುದಾದರೊಂದು ಪಂಕ್ತಿಯಲ್ಲಿ ತಮ್ಮ ದರ್ಶನ ಪಡೆಯದ ನೆಂಟರು ಉಳಿದಿಲ್ಲವಾದ್ದರಿಂದ, ತಮ್ಮ ವಿಷಯ ಇನ್ನು ಖಾಸಗಿ ಎನ್ನುವುದೇ ಸುಳ್ಳು.

ಹಳೆಯದನ್ನು ಸ್ವಲ್ಪ ನೆನೆಯೋಣ. ನಾನು ಎಳೆವಯಸ್ಸಿನಿಂದಲೂ ಊರಿಗೆ ದೊಡ್ಡ ಮನುಷ್ಯ. ಮನೆಯ ತೂಕದ ಯಂತ್ರ ನನ್ನನ್ನು ಕಂಡರೆ ಮುಳ್ಳು ಬಿಟ್ಟುಕೊಟ್ಟು ಕಣ್ಣುಮುಚ್ಚುತ್ತಿದ್ದುದರಿಂದ, ಕಾಲೇಜಿನ ಗೆಳೆಯರು ನನ್ನನ್ನು ಮುಧೋಳದ ಬೆಲ್ಲದ ಅಡತಿ ಅಂಗಡಿಗೆ ಕರೆದೊಯ್ದು ತಕ್ಕಡಿ ಹತ್ತಿಸಿದ್ದರು. ಅಲ್ಲಿಯ ಹಮಾಲರು ಇನ್ನೊಂದು ತಟ್ಟೆಗೆ ಹತ್ತು ಕಿಲೋದ ಬೆಲ್ಲದ ಮುದ್ದೆಗಳನ್ನು, ಅಂದರೆ ಪೆಂಟಿಗಳನ್ನು, ಒಂದೊಂದಾಗಿ ಏರಿಸಿ, ಹದಿನಾಲ್ಕನೆಯ ಪೆಂಟಿಗೆ ಮುಳ್ಳು ನೆಟ್ಟಗಾದಾಗ ಚಪ್ಪಾಳೆ ಹೊಡೆದು ನನಗೆ ಒಂದು ಬೆಲ್ಲದ ಚೂರು ತಿನ್ನಿಸಿದ್ದರು. ಆಮೇಲೆ ಎರಡು ವರ್ಷ ನಾನು ಬೆಲ್ಲ ಬಿಟ್ಟೆ, ಅನ್ನ ಬಿಟ್ಟೆ, ಅಜ್ಜಿಯ ತುಪ್ಪ ಬಿಟ್ಟೆ, ಜೋಳದ ರೊಟ್ಟಿ ಹೆಸರುಕಾಳು ಹಿಡಿದೆ, ಮುಂಜಾನೆ ಊರ ಹೊರಗಿನ ರಸ್ತೆ ಹಿಡಿದೆ. ಒಂದೊಂದೇ ಪೆಂಟಿ ಕರಗುತ್ತ ಆರು ಪೆಂಟಿ ಹೋದವು. ಕೊಬ್ಬು ಮರ್ಯಾದಸ್ಥ ಬೀಗರ ಹಾಗೆ ಊಟ ನಿಲ್ಲಿಸಿದ ಕೂಡಲೇ ಎದ್ದು ಹೋಯಿತು. ಅದಕ್ಕೆಂದು ಹಾಕಿದ್ದ ಹಂದರ ಮಾತ್ರ, ಅಂದರೆ ತಾವು, ಗೂಟ ಕೀಳದೆ, ಹಗ್ಗ ಬಿಚ್ಚದೆ, ಮದುವೆ ಮುಗಿದ ಅಂಗಳದಲ್ಲಿ ಗಾಳಿಗೆ ಪಟಪಟ ಅನ್ನುತ್ತ ಹಾಗೇ ನಿಂತಿರಿ.

ಆದರೂ ತಮ್ಮ ಸೇವೆಯನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಬೇಸಿಗೆಯಲ್ಲಿ ಊರಿನ ನಲ್ಲಿಗೆ ನೀರು ಬಾರದ ವಾರದಲ್ಲೂ ತಮ್ಮ ಮಡಿಕೆಯ ಕೆಳಗೆ ತೇವ ಆರಿದ್ದನ್ನು ನಾನು ಕಂಡಿಲ್ಲ; ಅಲ್ಲಿ ಬೆಳೆದ ಬೆವರುಗುಳ್ಳೆ, ಗಜಕರ್ಣಗಳಿಗೆ ವರ್ಷದಲ್ಲಿ ಮೂರು ಬೆಳೆ. ಔಷಧಿ ಅಂಗಡಿಯವನು ನನ್ನನ್ನು ದೂರದಿಂದ ಕಂಡೊಡನೆ ಮುಲಾಮಿನ ಟ್ಯೂಬು, ಪೌಡರ್ ಡಬ್ಬಿ ತೆಗೆದಿಡುತ್ತಾನೆ. ಇಷ್ಟು ಗೌರವ ಊರಿನ ಶಾಸಕರಿಗೂ ಇಲ್ಲ. ನನ್ನ ಜನಿವಾರ ತಮ್ಮ ಪದರದೊಳಗೆ ಸೇರಿಕೊಂಡು ಸಂಧ್ಯಾವಂದನೆಯ ಹೊತ್ತಿಗೆ ಹುಡುಕಾಡಿಸಿ, ಕಳೆದುಹೋದದ್ದು ಸಿಕ್ಕಾಗ ಆಗುವ ಆನಂದವನ್ನು ದಿನಕ್ಕೆರಡು ಸಲ ನನಗೆ ದೊರಕಿಸಿಕೊಟ್ಟವರು ತಾವು. ಎಲ್ಲಕ್ಕಿಂತ ಮಿಗಿಲಾಗಿ, ನಾನು ಮೊದಲ ಸಲ ನಿಲ್ಲದೆ ಓಡಿದ ಮುಂಜಾನೆ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಾಗ, ಹೆಜ್ಜೆಹೆಜ್ಜೆಗೂ ತೊಡೆಯ ಮೇಲೆ ಟಪ್ ಟಪ್ ಎಂದು ಚಪ್ಪಾಳೆ ತಟ್ಟಿದವರು ತಾವೊಬ್ಬರೇ. ಆ ಅಭಿಮಾನವನ್ನು ತಾವು ಇಂದಿಗೂ ನಿಲ್ಲಿಸಿಲ್ಲ. ನಾನು ಬಸ್ಸು ಹಿಡಿಯಲು ಓಡಿದರೂ ಚಪ್ಪಾಳೆ, ಮಠದ ಮೆಟ್ಟಿಲು ಇಳಿದರೂ ಚಪ್ಪಾಳೆ.

ಬಟ್ಟೆಯ ವಿಷಯದಲ್ಲಂತೂ ತಮ್ಮಿಂದ ಪಂಡಿತರೇ ಸೋತರು. ಟೇಲರ್ ಬಸಗೊಂಡಪ್ಪನವರು ನನ್ನ ಸೊಂಟಕ್ಕೆ ಟೇಪು ಸುತ್ತಿ, ಬಿಚ್ಚಿ, ತಮ್ಮನ್ನು ಮೇಲೆತ್ತಿ ಒಮ್ಮೆ, ಕೆಳಗೆ ಬಿಟ್ಟು ಒಮ್ಮೆ ಅಳೆದು, ಕಡೆಗೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ತಮ್ಮಾ, ಇದನ್ನ ಪ್ಯಾಂಟಿನ ಒಳಗ ಇಡಾಂವೋ, ಹೊರಗ ಇಡಾಂವೋ ಅನ್ನೂದ ಮೊದಲ ಮನ್ಯಾಗ ಕೂತು ಠರಾಯಿಸಿಕೊಂಡು ಬಾ, ಆಮ್ಯಾಲ ಅಳತಿ ಮಾತು" ಎಂದು ತೀರ್ಪಿತ್ತರು. ನಾನು ಬನಹಟ್ಟಿಯಲ್ಲಿ ಮಗ್ಗದ ಸೀರೆಗಳ ಅಂಚಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಹೋಗುತ್ತೇನಷ್ಟೆ. ಅಲ್ಲಿಯ ನಮ್ಮ ಸಾಹುಕಾರ ಶಿದ್ರಾಮಪ್ಪನವರು ನೂಲು-ಬಟ್ಟೆಯಲ್ಲೇ ತಲೆ ನೆರೆದವರು. ಅವರು ತಮ್ಮನ್ನು ಅಂಗಿಯ ಮೇಲಿನಿಂದಲೇ ಪರೀಕ್ಷಿಸಿ, "ಹೆಚ್ಚಿಗಿ ನೇಯ್ದ ಬಟ್ಟಿ ತಾನಾಗಿ ಸಣ್ಣದಾದದ್ದು ನಾ ಎಲ್ಲೂ ನೋಡಿಲ್ಲಪಾ, ಕತ್ತರೀನ ಬೇಕು. ನಮ್ಮಲ್ಲಿ ಆದ್ರ ಉಳಿದದ್ದು ಕಟ್‌ಪೀಸಿಗೆ ಹೋಕ್ಕೈತಿ, ನಿನ್ನದಕ್ಕ ಗಿರಾಕಿ ಸಿಗೂದು ಕಷ್ಟ" ಎಂದು ವ್ಯಾಪಾರದ ದೃಷ್ಟಿಯಿಂದಲೂ ತಮ್ಮನ್ನು ಕೈಬಿಟ್ಟರು.

ಇಷ್ಟಾದರೂ ನಾನು ತಮ್ಮನ್ನು ಸಹಿಸಿಕೊಂಡು ಹೋಗುತ್ತಿದ್ದೆ, ಮುಧೋಳದ ಆ ಮುಂಜಿವಿ, ಅಂದರೆ ಉಪನಯನದ ಊಟ, ಬಾರದಿದ್ದರೆ. ನಮ್ಮ ಪೈಕಿ ಗಂಡಸರು ಮಡಿಯ ಪಂಕ್ತಿಗೆ ಕೂಡಬೇಕಾದರೆ ಅಂಗಿ ಬನಿಯನ್ನು ಕಳಚಿ, ಧೋತರ ಉಟ್ಟು, ಮೈಗೆಲ್ಲ ಗೋಪೀಚಂದನದ ನಾಮ-ಮುದ್ರೆ ಹಚ್ಚಿ, ಹೊದ್ದ ಶಲ್ಯವನ್ನು ಸಹ ಸೊಂಟಕ್ಕೆ ಬಿಗಿದುಕೊಂಡು, ಬಾಳೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಬೇಕು ಎಂಬುದು ತಮಗೆ ಗೊತ್ತೇ ಇದೆ. ನಾನು ಹದಿನಾಲ್ಕು ಪೆಂಟಿ ಇದ್ದಾಗ ಇದೇ ಪಂಕ್ತಿಯಲ್ಲಿ ನನಗೆ ರಾಜಯೋಗ. ಬಡಿಸುವವರು ಬುಂದಿ ಲಾಡಿನ ಬುಟ್ಟಿಯನ್ನು ನನ್ನ ಎದುರಿಗೇ ಇಳಿಸಿ, "ಮಂದಾರ ಕೂತರನ ಪಂಕ್ತಿಗೆ ಕಳೆ" ಎಂದು ಆಗ್ರಹ ಮಾಡುತ್ತಿದ್ದರು. ಹೊಟ್ಟೆ ಆಗ ಗುಡಾಣದ ಹಾಗೆ ಬಿಗಿಯಾಗಿತ್ತು, ಅದರ ಮೇಲಿನ ನಾಮ ಗೋಡೆಗೆ ಬರೆದ ಹಾಗೆ ನೆಟ್ಟಗೆ ನಿಂತಿತ್ತು. ಈ ಸಲ ನಾನು ಕುಳಿತ ಕೂಡಲೇ ತಾವು ನನಗಿಂತ ಮುಂದಾಗಿ ಮಡಿಲಲ್ಲಿ ಇಳಿದು ಕುಳಿತಿರಿ. ಹೊಟ್ಟೆಯ ನಡುವಿನ ನಾಮ ತಮ್ಮ ಎರಡು ಮಡಿಕೆಗಳ ನಡುವೆ ಅಂತರ್ಧಾನವಾಯಿತು. ನಾನು ಉಸಿರೆಳೆದಾಗ ಅರ್ಧ ಕಾಣುವುದು, ಬಿಟ್ಟಾಗ ಮುಚ್ಚುವುದು. ಎದುರು ಸಾಲಿನಲ್ಲಿ ಕುಳಿತಿದ್ದ ಅನಂತ ಕಾಕಾ, ಯಾರ ಮನೆಯ ಮುಂಜಿವಿಯೋ ಆ ಮನೆಯ ಯಜಮಾನರು, ಉಣ್ಣುವ ಮೊದಲು ಎಲೆಯ ಪಕ್ಕಕ್ಕೆ ಚಿತ್ರಾಹುತಿಯ ಅನ್ನ ಇಡುವುದನ್ನೂ ಮರೆತು ದಿಟ್ಟಿಸಿ, "ಏನೋ ಮಂದಾರ, ಒಳಗಿಂದೆಲ್ಲಾ ಎಲ್ಲಿ ಇಳಿಸಿ ಬಂದ್ಯೋ? ಬರೇ ಚೀಲಾ ತಂದೀಯಲ್ಲೋ!" ಎಂದರು. ಇಡೀ ಪಂಕ್ತಿ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕಿಯಮ್ಮ ಮಾತ್ರ ನಗದೆ, ಅಂತಃಕರಣ ತುಂಬಿ, "ನಗಬ್ಯಾಡ್ರೋ, ಪಾಪ, ಥೇಟ ಬಾಣಂತಿ ಹೊಟ್ಟಿ ಆಗೇದ ಹುಡುಗಂದು" ಎಂದರು. ನಕ್ಕವರಿಗಿಂತ ಈ ಕರುಣೆ ಹೆಚ್ಚು ಚುಚ್ಚುತ್ತದೆ ಎಂದು ನನಗೆ ಆ ದಿನ ತಿಳಿಯಿತು. ಅದಕ್ಕೂ ತಮಗೆ ಋಣಿ. ನಾನೂ ಎಲ್ಲರಿಗಿಂತ ಜೋರಾಗಿ ನಕ್ಕು, ತಮ್ಮನ್ನು ಎರಡೂ ಕೈಯಿಂದ ಎತ್ತಿ ತೋರಿಸಿ, "ಕಾಕಾ, ಚೀಲ ಖಾಲಿ ಅದರಿ, ಲಾಡು ಕಟ್ಟಿ ಕಳಸ್ರಿ" ಎಂದೆ. ಪಂಕ್ತಿ ಮತ್ತೂ ನಕ್ಕಿತು. ನಾನು ಮೊಸರನ್ನದವರೆಗೆ ತಲೆ ಎತ್ತಲಿಲ್ಲ.

ಮನೆಗೆ ಬಂದು ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಘೋಷಿಸಿದಾಗ ನನ್ನ ಪರವಾಗಿ ದನಿ ಎತ್ತುತ್ತಾಳೆಂದು ನಂಬಿದ್ದ ಅಕ್ಕ ಪೂರ್ವಾ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಬಾಣಂತಿ ಹೊಟ್ಟಿ ಅಂದ್ರ ಬೈಗುಳ ಏನೋ? ನಾ ಎರಡು ಹಡದೀನಿ, ನನಗೂ ಅದ. ನನ್ನ ಯಾರೂ ಬೆಳಗಾವಿಗೆ ಕರಕೊಂಡು ಹೋಗಲಿಲ್ಲ, ಇಳಕಲ್ಲ ಸೀರಿ ಸುತಗೊಂಡು ಸುಮ್ಮನ ಕೂತೀನಿ. ಅಂಗಿ ತಗದು ಉಣ್ಣೋ ಪದ್ಧತಿ ಹಾಕ್ಕೊಂಡಾವ್ರು ನೀವ ಗಂಡಸರು, ಅನುಭವಸ್ರಿ" ಎಂದಳು. ನಾನು ಆಕೆ ಬಡಿದ ರೊಟ್ಟಿ ತಿಂದು ಎದ್ದೆ, ಈಗ ಮುಂದಿನ ಪ್ಯಾರಾಕ್ಕೆ ಹೋಗುತ್ತೇನೆ.

ವಿಮೆಯವರಿಗೆ ತಮ್ಮ ಫೋಟೋ ಸಮೇತ ಅರ್ಜಿ ಹಾಕಿದರೆ, ಇದು ಕೇವಲ ಚಂದ ಕಾಣುವ ಸಲುವಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ, ನಮ್ಮ ನಿಯಮದಲ್ಲಿ ಬರುವುದಿಲ್ಲ ಎಂದು ತಿರುಗಿ ಬರೆದರು. ನನ್ನ ಮೇಲೆ ಚಂದದ ಆರೋಪ ಬಂದದ್ದು ಇದೇ ಮೊದಲು. ಆ ಕಾಗದಕ್ಕೆ ಕಟ್ಟು ಹಾಕಿಸುವ ವಿಚಾರವಿದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ನಡೆದದ್ದಕ್ಕೆ ತಾವೇ ಸಾಕ್ಷಿ, ತಾವೇ ರಂಗಸ್ಥಳ. ಅಂದು ನಸುಕಿನಲ್ಲೇ ಸ್ನಾನವಾಗಿ, ಎಂದಿನಂತೆ ನಾನು ತಮ್ಮನ್ನು ಎರಡೂ ಕಡೆ ಎಳೆದು ಹಿಡಿದೆ, ನಮ್ಮ ಅಪ್ಪ ಹೊಟ್ಟೆಯ ನಡುವೆ ಒಂದು, ಎಡಬಲಕ್ಕೆ ಒಂದೊಂದು ನಾಮ ಎಳೆದು, ಮುದ್ರೆ ಒತ್ತಿ, ಮೇಲೆ ಅಂಗಿ ತೊಡಿಸಿ ನನ್ನೊಂದಿಗೆ ಬಸ್ಸು ಹತ್ತಿದರು. ತಪಾಸಣೆಯ ಕೋಣೆಯಲ್ಲಿ ಅಂಗಿ ತೆಗೆದಾಗ, ಎಳೆಯ ಲೇಡಿ ಡಾಕ್ಟರೊಬ್ಬರು ಬಗ್ಗಿ ನೋಡಿ, ಕೊಯ್ಯುವ ಮೊದಲು ಹಾಕುವ ಗೆರೆಗಳೆಂದೇ ತಿಳಿದು, "ಈ ಮಾರ್ಕಿಂಗ್ ಯಾರು ಮಾಡ್ಯಾರ?" ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ, "ನಾನ ಮಾಡೀನ್ರಿ" ಎಂದರು. "ಓ, ಸರ್, ತಾವು ಎಲ್ಲಿ ಪ್ರ್ಯಾಕ್ಟೀಸ್ ಮಾಡತೀರಿ?" ಎಂದು ಆಕೆ ನೆಟ್ಟಗೆ ನಿಂತರು. "ಮನ್ಯಾಗ ರಿ. ದಿನಾ ಮುಂಜಾನೆ ಸ್ನಾನ ಆದ ಮ್ಯಾಲೆ. ಮುಂಜಿವಿ ಆದಾಗಿಂದ ಒಂದು ದಿನ ತಪ್ಪಿಸಿಲ್ಲ" ಎಂದರು ಅಪ್ಪ. ಆಕೆ ಹಿರಿಯ ವೈದ್ಯರೆದುರು ನಿಂತ ಭಕ್ತಿಯಿಂದ ಮತ್ತೊಮ್ಮೆ ತಮ್ಮತ್ತ ಬಗ್ಗಿ, ಸಂಕೋಚದಿಂದ, "ನಡುವಿಂದು ಬರೋಬ್ಬರಿ ಅದರಿ ಸರ್, ಪಕ್ಕದವು ಎರಡೂ ಸ್ವಲ್ಪ ಮ್ಯಾಲ ಆಗ್ಯಾವೇನೋ" ಎಂದರು. ಅಪ್ಪನ ಮುಖ ಕೆಂಪಾಯಿತು. "ಪಕ್ಕದವು ಎಲ್ಲಿ ಇರಬೇಕೋ ಅಲ್ಲೇ ಅವರಿ. ಶಾಸ್ತ್ರದಾಗ ಹಂಗ ಹೇಳೇದ. ನಿಮ್ಮ ಪುಸ್ತಕದಾಗ ಬ್ಯಾರೆ ಇದ್ರ ನನಗ ಗೊತ್ತಿಲ್ಲ" ಎಂದು ಗುಡುಗಿದರು. ದೊಡ್ಡ ಡಾಕ್ಟರು ಬಂದು, ಇಬ್ಬರನ್ನೂ ಸಮಾಧಾನ ಮಾಡಿ, ಸ್ಪಿರಿಟ್ಟಿನ ಹತ್ತಿಯಿಂದ ಮೂರೂ ನಾಮಗಳನ್ನು ಒರೆಸಿ, ತಮ್ಮ ಮೇಲೆ ನೀಲಿ ಪೆನ್ನಿನಿಂದ ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಗೆರೆ ಎಳೆದು ತೋರಿಸಿದರು. ಇದಕ್ಕೆ ಟಮ್ಮಿ ಟಕ್ ಅನ್ನುತ್ತಾರೆ, ಇಷ್ಟು ತೆಗೆಯುತ್ತೇವೆ, ಮೇಲಿನದನ್ನು ಎಳೆದು ಕೆಳಗೆ ಹೊಲಿಯುತ್ತೇವೆ, ಹೊಕ್ಕಳಿಗೆ ಹೊಸ ಬಾಗಿಲು ಕೊರೆಯುತ್ತೇವೆ, ಕೆಲವು ವಾರ ಬಗ್ಗಿಯೇ ನಡೆಯಬೇಕು, ಕಲೆ ಜನ್ಮಪೂರ್ತಿ ಉಳಿಯುತ್ತದೆ, ನೋವೂ ಇದೆ, ಅಪಾಯವೂ ಇಲ್ಲದೇ ಇಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಹೊಕ್ಕಳ ಸ್ಥಳಾಂತರವಾದರೆ ನಾಮದ ಜಾಗ ಹಳೆಯದೋ ಹೊಸದೋ?

ಮನೆಯಲ್ಲಿ ಕೃಷ್ಣಾಬಾಯಿ ಅಜ್ಜಿಯ ಪ್ರಶ್ನೆ ಇದಕ್ಕಿಂತ ಗಹನ. "ಕತ್ತರಿಸಿದ್ದನ್ನ ಏನು ಮಾಡತಾರ? ಎಲ್ಲರೆ ಒಗೀತಾರೇನು? ನನ್ನ ತುಪ್ಪಾ ತಿಂದು ಬೆಳದದ್ದದು. ನಮ್ಮ ಮನಿತನದ ಜೀವದ್ದೊಂದು ತುಣಕು ಹೋದ್ರ ಸೂತಕ ಹಿಡೀಬೇಕೋ ಬ್ಯಾಡೋ, ಯಾರರೆ ಕೇಳ್ರಿ" ಎಂದು ಆಕೆ ಪಟ್ಟು ಹಿಡಿದಳು. ಅಪ್ಪ ಮಠಕ್ಕೆ ಹೋಗಿ ಆಚಾರ್ಯರನ್ನು ಕೇಳಿದರು. ಅವರು ಗ್ರಂಥಗಳನ್ನು ತಿರುವಿ, ಕಣ್ಣು ಮುಚ್ಚಿ ತೆರೆದು, "ಕೂದಲಾ, ಉಗುರಿನ ಲೆಕ್ಕದಾಗ ಹಿಡೀರಿ. ಸ್ನಾನ ಮಾಡಿದ್ರ ಆತು" ಎಂದು ಅಪ್ಪಣೆ ಕೊಡಿಸಿದರು. ಜೋಲು ಸಾಮ್ರಾಜ್ಯದ ಚಕ್ರವರ್ತಿಗಳನ್ನು ಉಗುರಿನ ಸಾಲಿಗೆ ಇಳಿಸಿದ ಈ ಅವಮಾನಕ್ಕೆ ನನ್ನ ಹೃತ್ಪೂರ್ವಕ ಸಂತಾಪ ಸ್ವೀಕರಿಸಬೇಕು.

ಆದರೆ ತಮ್ಮ ಪ್ರಭಾವ ಗ್ರಹಮಂಡಲದವರೆಗೆ ಚಾಚಿದೆ ಎಂಬುದು ಆಮೇಲೆ ತಿಳಿಯಿತು. ಆಸ್ಪತ್ರೆಯವರು ಮೊದಲು ಕೊಟ್ಟ ದಿನಕ್ಕೆ ಅಪ್ಪ ಪಂಚಾಂಗ ತೆಗೆದರೆ ಅಮಾವಾಸ್ಯೆ. ರದ್ದು. ಎರಡನೆಯ ದಿನ ಅಧಿಕ ಮಾಸದ ಒಳಗೆ ಬಿತ್ತು. ಅಂಥ ತಿಂಗಳಲ್ಲಿ ಮೈಮೇಲಿನ ಅಧಿಕವನ್ನು ತೆಗೆಯುವುದು ಸಲ್ಲದು ಎಂದಾಯಿತು, ಅದೂ ರದ್ದು. ಸೂರ್ಯಚಂದ್ರರನ್ನೇ ವಕೀಲರನ್ನಾಗಿ ಇಟ್ಟುಕೊಂಡು ಎರಡು ಸಲ ತಡೆಯಾಜ್ಞೆ ತಂದ ತಮ್ಮ ಚಾತುರ್ಯಕ್ಕೆ ನಾನು ಬೆರಗಾಗಿದ್ದೇನೆ. ಮೂರನೆಯ ದಿನ ಬರುವ ಗುರುವಾರ.

ಆದ್ದರಿಂದ ತಮ್ಮಲ್ಲಿ ಕಡೆಯ ವಿನಂತಿ. ಕತ್ತರಿ ಬರುವ ಮೊದಲೇ ತಾವು ದೊಡ್ಡ ಮನಸ್ಸು ಮಾಡಿ ಸ್ವಸಂತೋಷದಿಂದ ತೆರಳಬೇಕು. ಹೋಗಲು ಜಾಗಗಳಿಗೇನು ಬರವಿಲ್ಲ. ಮುಧೋಳದ ನಾಯಿಗಳು ಹುಟ್ಟಿನಿಂದಲೂ ಪಕ್ಕೆಲುಬಿನ ಮೇಲೆ ಹೊದೆಯಲು ಸಾಕಷ್ಟು ಚರ್ಮವಿಲ್ಲದೆ ಓಡಾಡುತ್ತಿವೆ. ತಾವು ಒಂದು ನಾಯಿಯ ಮೇಲೆ ನಿಯೋಜನೆಗೊಂಡರೂ ಅದಕ್ಕೆ ಚಳಿಗಾಲಕ್ಕೊಂದು ಕಂಬಳಿ ಸಿಕ್ಕಂತಾಗುತ್ತದೆ, ತಮಗೂ ಓಟದಲ್ಲಿ ಚಪ್ಪಾಳೆ ತಟ್ಟುವ ಹವ್ಯಾಸ ಮುಂದುವರಿಯುತ್ತದೆ. ಅದು ಒಗ್ಗದಿದ್ದರೆ ಬೀಳಗಿಯ ಕಡೆಯ ರಸ್ತೆಗಳ ಗುಂಡಿಗಳ ಮೇಲೆ ಹಾಸಿಕೊಳ್ಳಬಹುದು. ಹಿಗ್ಗಿದ ಮೇಲೆ ಕುಗ್ಗದ ತಮ್ಮ ಗುಣ ಡಾಂಬರಿಗೆ ಇಲ್ಲ. ಬನಹಟ್ಟಿಯ ಹುಡುಗರು ಹೋಳಿ ಹಬ್ಬದಲ್ಲಿ ಬಾರಿಸುವ ಹಲಗೆವಾದ್ಯಕ್ಕೆ ಬಿಗಿದುಕೊಂಡರೆ, ಮೊದಲ ಬಾರಿಗೆ ತಾವು ಬಿಗಿಯಾಗಿ ಇರುವುದನ್ನು ನೋಡುವ ಭಾಗ್ಯ ನನಗೂ ಲಭಿಸೀತು. ಇವು ಯಾವುವೂ ಬೇಡವಾದರೆ ಅನಂತ ಕಾಕಾನ ನಾಲಿಗೆಯ ಮೇಲೊಂದು ಮುಸುಕಾಗಿ ಹೋಗಿ ಕೂಡಬೇಕು. ಅದರ ಸಾಗಾಣಿಕೆಗೆ ಬೇಕಾದ ಏರ್ಪಾಡು ನನ್ನದು. ಇಷ್ಟೂ ಆಗದಿದ್ದ ಪಕ್ಷದಲ್ಲಿ, ಗಂಡಸರೂ ಪಂಕ್ತಿಯಲ್ಲಿ ಇಳಕಲ್ಲ ಸೀರೆ ಉಟ್ಟು ಕೂಡಬಹುದೆಂದು ಮಠದಿಂದ ಒಂದು ಅಪ್ಪಣೆ ಕೊಡಿಸಿದರೂ ನಡೆದೀತು. ಅಕ್ಕ ಒಂದು ಸೀರೆ ಕಡ ಕೊಡಲು ಒಪ್ಪಿದ್ದಾಳೆ, ನೆರಿಗೆಯನ್ನು ಮಾತ್ರ ನೀನೇ ಹಾಕಿಕೊಳ್ಳಬೇಕು ಎಂದಿದ್ದಾಳೆ.

ತಾವು ಇನ್ನಾದರೂ ದಯಮಾಡಿ ತೆರಳುವಿರೆಂಬ ದೃಢ ನಂಬಿಕೆಯಿಂದ, ಸದ್ಯಕ್ಕೆ ತಮ್ಮ ಹಿಂದೆಯೇ ವಾಸವಾಗಿರುವ

ತಮ್ಮ ವಿಶ್ವಾಸಿ,
ಮಂದಾರ
(ಮೊದಲಿನ ಹದಿನಾಲ್ಕು ಪೆಂಟಿ, ಈಗಿನ ಎಂಟು, ತಮ್ಮನ್ನೂ ಹಿಡಿದು)

ತಾ.ಕ.: ಶಸ್ತ್ರಕ್ರಿಯೆಯ ದಿನ ತಾವು ಎಚ್ಚರವಾಗಿರುತ್ತೀರೋ ಏನೋ, ನನಗಂತೂ ನಿದ್ರೆಯ ಮದ್ದು ಕೊಡುತ್ತಾರಂತೆ. ಬೀಳ್ಕೊಡಲು ಎದ್ದು ನಿಲ್ಲಲಿಲ್ಲ ಎಂದು ತಪ್ಪು ತಿಳಿಯಬಾರದು. ಮರುದಿನ ಮನೆಮಂದಿಯೆಲ್ಲ ತಮ್ಮ ಹೆಸರಿನಲ್ಲಿ ಸ್ನಾನ ಮಾಡುತ್ತಾರೆ. ನನಗೆ ಮಾತ್ರ ಹೊಲಿಗೆ ಒಣಗುವ ತನಕ ಸ್ನಾನವಿಲ್ಲ, ಹೀಗಾಗಿ ತಮ್ಮ ಸೂತಕ ಹಿಡಿದವನು ನಾನೊಬ್ಬನೇ ಎಂದಾಗುತ್ತದೆ.

ಇನ್ನೊಂದು ಮಾತು. ಗ್ರಹಗಳ ವಿಷಯದಲ್ಲಿ ಮೇಲೆ ತಮ್ಮನ್ನು ಹೊಗಳಿದ್ದನ್ನು ಹಿಂದೆ ತೆಗೆದುಕೊಳ್ಳಬೇಕಾಗಿದೆ. ಆಸ್ಪತ್ರೆಯವರು ಕೊಟ್ಟ ಎರಡೂ ದಿನಗಳಿಗೆ ಅಪ್ಪ ಸುಮ್ಮನೆ ಹೂಂ ಅಂದಿದ್ದರು. ಅಮಾವಾಸ್ಯೆ ಅಲ್ಲವೇನ್ರೀ ಅಪ್ಪಾ ಎಂದು ಮೊದಲ ಸಲ, ಅಧಿಕ ಮಾಸ ನಡದದಲ್ಲರೀ ಎಂದು ಎರಡನೆಯ ಸಲ, ಉಣ್ಣುವ ಹೊತ್ತಿಗೆ ಮೆಲ್ಲಗೆ ಕಿವಿಗೆ ಹಾಕಿದವನು ನಾನು. ಕತ್ತರಿಯ ಹೆದರಿಕೆ ಅಷ್ಟೇನೂ ಅಲ್ಲ. ಇಷ್ಟು ವರ್ಷ ಯಾರು ಏನು ಅಂದರೂ ಮೊದಲು ತಮಗೆ ತಗಲಿ, ಮೆತ್ತಗಾಗಿ ಆಮೇಲೆ ನನ್ನವರೆಗೆ ಬರುತ್ತಿತ್ತು. ಪಂಕ್ತಿಯಲ್ಲಿ ಎತ್ತಿ ತೋರಿಸಿ ನಗಿಸಲಿಕ್ಕೆ ನನ್ನ ಹತ್ತಿರ ತಾವಾದರೂ ಇದ್ದಿರಿ. ಇವತ್ತು ಮುಂಜಾನೆ ಅಪ್ಪ ಸ್ನಾನಕ್ಕೆ ಹೋದಾಗ ಗುರುವಾರದ ಪುಟ ತೆಗೆದು ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಲ್ಲವನ್ನೂ ಬೆರಳಿಟ್ಟು ನೋಡಿದೆ. ಒಂದು ದೋಷವೂ ಸಿಗಲಿಲ್ಲ.